ಗೋಡೆಗಿಂತ ಮೊದಲು ದಾರಿ

ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪನ ಗುಡಿಯನ್ನು ಒಂದು ಫೋಟೊದಲ್ಲಿ ಹಿಡಿಯಲು ಆಗುವುದಿಲ್ಲ. 12ನೇ ಶತಮಾನದ, ಕಲ್ಯಾಣದ ಚಾಲುಕ್ಯರ ಕಾಲದ ಗುಡಿ ಇದು. ಗರ್ಭಗುಡಿಯ ತಳವಿನ್ಯಾಸ 24 ಮೊನೆಗಳ ನಕ್ಷತ್ರ. ಚೌಕವೊಂದನ್ನು ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಬರೆದರೆ ಆ ಆಕಾರ ಮೂಡುತ್ತದೆ. ಅದೇ ಮೊನೆಗಳು ಗೋಡೆಯುದ್ದಕ್ಕೂ ಏರಿ ಶಿಖರದಲ್ಲೂ ಮುಂದುವರಿದಿವೆ. ಇಷ್ಟು ಕಷ್ಟಪಟ್ಟು ಕಡೆದದ್ದು ನಿಂತು ನೋಡುವವರಿಗಲ್ಲ, ಸುತ್ತು ಹಾಕುವವರಿಗೆ.

ದೇವರನ್ನು ಬಲಕ್ಕಿಟ್ಟುಕೊಂಡು ಹೊರಟರೆ, ಒಂದೊಂದು ಮೊನೆ ದಾಟಿದಾಗಲೂ ಮರೆಯಲ್ಲಿದ್ದ ಹೊಸ ಮುಖವೊಂದು ಎದುರಾಗುತ್ತದೆ, ಕಂಡದ್ದು ಹಿಂದೆ ಸರಿಯುತ್ತದೆ. ಒಂದು ಮಗ್ಗುಲು ಬಿಸಿಲಿಗೆ ಹೊಳೆಯುತ್ತಿದ್ದರೆ ಅದರ ಪಕ್ಕದ್ದು ನೆರಳಲ್ಲಿ. ಗೋಡೆ ಎಲ್ಲಿ ಮುಗಿಯಿತೆಂದು ತಿಳಿಯದ ಕಾರಣ ಕಾಲು ನಿಲ್ಲುವುದಿಲ್ಲ. ವಾಸ್ತುಶಿಲ್ಪ ಕಾಲೇಜುಗಳಲ್ಲಿ ಸರ್ಕ್ಯುಲೇಷನ್ ಎಂದು ಕಲಿಸುವುದು ಇದನ್ನೇ: ಜನ ಎಲ್ಲಿಂದ ಬರಬೇಕು, ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು, ಯಾರಿಗೆ ಯಾರು ಅಡ್ಡ ಬರಬಾರದು. ಇದಕ್ಕೆ ಜಗತ್ತೆಲ್ಲ ಕೊಡುವ ಉದಾಹರಣೆ ಪ್ಯಾರಿಸ್ ಬಳಿಯ ವಿಲ್ಲಾ ಸವೊಯ್. 1931ರಲ್ಲಿ ಮುಗಿದ ಆ ಮನೆಯಲ್ಲಿ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಮಹಡಿಗೆ ಇಳಿಜಾರು ದಾರಿ ಹಾಕಿ, ನಡೆಯುತ್ತ ನೋಡುವ ಮನೆ ಕಟ್ಟಿದ. ಸಂತೋಷ. ಆ ವಿದ್ಯಾರ್ಥಿಗಳನ್ನು ಗದುಗಿನಲ್ಲಿ ಬಸ್ಸು ಹತ್ತಿಸಿ ಒಮ್ಮೆ ಡಂಬಳಕ್ಕೂ ಕರೆತರಬೇಕು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ 8ನೇ ಶತಮಾನದ್ದು. ಅಲ್ಲಿ ಪ್ರದಕ್ಷಿಣೆಯ ದಾರಿ ಕಟ್ಟಡದ ಒಳಗೇ, ಗರ್ಭಗುಡಿಯ ಗೋಡೆಗೂ ಹೊರಗೋಡೆಗೂ ನಡುವೆ ಇದೆ. ಲಕ್ಕುಂಡಿ, ಡಂಬಳಗಳ ಗುಡಿಗಳ ಕಾಲಕ್ಕೆ ಶಿಲ್ಪಿಗಳು ಆ ಒಳದಾರಿಯನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರು. ದಾರಿ ಬಯಲಿಗೆ ಬಂತು. ಮರಳುಗಲ್ಲಿನ ಬದಲು ಮೆತ್ತಗಿನ ಬಳಪದ ಕಲ್ಲೂ ಒದಗಿತ್ತು. ಗೋಡೆಯನ್ನು ಬೇಕಾದಷ್ಟು ಮಡಿಸಬಹುದಿತ್ತು. ನಕ್ಷತ್ರವನ್ನು ಬರೀ ಅಲಂಕಾರದ ಹುಚ್ಚು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬೆಳಕಿಗೆ ಬಂದ ದಾರಿಗೆ ತಕ್ಕ ಗೋಡೆ ಅದು.

ಲಕ್ಷ್ಮೇಶ್ವರದ ಸೋಮೇಶ್ವರನದು ಬೇರೆ ಲೆಕ್ಕ. ಸುತ್ತ ಕೋಟೆಯಂಥ ಗೋಡೆ, ಅದಕ್ಕೆ ಮೂರು ಬಾಗಿಲು, ಒಳಗೆ ಸಣ್ಣಪುಟ್ಟ ಗುಡಿಗಳು, ಬಾವಿ. ಇಷ್ಟು ಬಾಗಿಲುಗಳಿದ್ದರೆ ಬರುವವರನ್ನೂ ಹೋಗುವವರನ್ನೂ ಬೇರೆ ಮಾಡಬಹುದು.

ಗುಡಿ ಬಿಟ್ಟು ಮನೆಗೆ ಬಂದರೆ, ಶಿರಹಟ್ಟಿ ಸೀಮೆಯ ಹಳೆಯ ಒಕ್ಕಲಿಗರ ಮನೆಗಳಲ್ಲಿ ಇರುತ್ತಿದ್ದದ್ದು ಒಂದೇ ತಲಬಾಗಿಲು. ಎತ್ತು, ಎಮ್ಮೆ, ಮನೆಯವರು, ಬೀಗರು ಎಲ್ಲರೂ ಅದರಲ್ಲೇ ಬರಬೇಕು. ಒಳಗೆ ಕಾಲಿಟ್ಟರೆ ತಗ್ಗಿನಲ್ಲಿ ದನ ಕಟ್ಟುವ ಗ್ವಾದಲಿ, ಎತ್ತರದಲ್ಲಿ ಪಡಸಾಲಿ. ನಡುವೆ ಗೋಡೆಯಿಲ್ಲ, ಕಟ್ಟೆಯ ಎತ್ತರವೇ ದನದ ದಾರಿಯನ್ನೂ ಮನುಷ್ಯರ ದಾರಿಯನ್ನೂ ಬೇರ್ಪಡಿಸುತ್ತದೆ. ರಾತ್ರಿ ಪಡಸಾಲಿಯಲ್ಲಿ ಮಲಗಿದವನಿಗೆ ಎತ್ತು ಹಗ್ಗ ಕಿತ್ತದ್ದೂ ಗೊತ್ತಾಗುತ್ತದೆ. ಬಂದ ಪರವೂರವರು ಪಡಸಾಲಿಯಲ್ಲೇ ಕೂಡುತ್ತಾರೆ. ನಡುಮನಿ, ಅಡಗಿಮನಿಗೆ ಹೋಗುವವರು ಆಪ್ತರು. ಹೆಂಗಸರ ನೀರು, ಕಟ್ಟಿಗೆ, ನೆರೆಮನೆಯ ಮಾತುಕತೆಗೆ ಹಿತ್ತಲ ಬಾಗಿಲು. ಆ ವ್ಯವಸ್ಥೆಯಲ್ಲಿ ಹೆಂಗಸರನ್ನು ಹಿಂದಕ್ಕಿಟ್ಟ ಸಂಗತಿಯೂ ಇದೆ. ಅದನ್ನು ಮರೆತು ಹೊಗಳಬೇಕಾಗಿಲ್ಲ. ಆದರೆ ನಕ್ಷೆಯ ಕಾಗದವಿಲ್ಲದೆ, ಮನೆಯನ್ನು ಅಂಕಣಗಳಲ್ಲಿ ಅಳೆದು ಕಟ್ಟಿದವರಿಗೆ ಯಾರು ಎಲ್ಲಿ ತನಕ ಬರುತ್ತಾರೆಂಬುದು ಚೆನ್ನಾಗಿ ತಿಳಿದಿತ್ತು.

ಈ ತಿಳಿವಳಿಕೆ ಎಲ್ಲಿ ತಪ್ಪಿತೆಂದು ನೋಡಲು ನಮ್ಮ ಕಲ್ಯಾಣ ಮಂಟಪಗಳಿಗೆ ಹೋಗಬೇಕು. ಊಟದ ಹಾಲ್ ಕೆಳಗೋ ಮೇಲೋ ಇರುತ್ತದೆ, ಅದಕ್ಕೊಂದೇ ಮೆಟ್ಟಿಲು. ಉಂಡು ಕೈ ತೊಳೆದು ಹೊರಬರುವವರಿಗೂ ಮುಂದಿನ ಪಂಕ್ತಿಗೆ ಸೀಟು ಹಿಡಿಯಲು ನುಗ್ಗುವವರಿಗೂ ಆ ಮೆಟ್ಟಿಲ ಮೇಲೆಯೇ ಮುಖಾಮುಖಿ. ನಡುವೆ ಸಾರಿನ ಬಕೆಟ್ ಹಿಡಿದ ಹುಡುಗ. ಹೆಚ್ಚು ಜನ ಸೇರುವ ಕಟ್ಟಡದ ಮೆಟ್ಟಿಲು 2 ಮೀಟರ್ ಅಗಲವಿರಬೇಕು ಎನ್ನುತ್ತದೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ಅಗಲ ಬೇಕು, ನಿಜ. ಆದರೆ ಎದುರುಬದುರು ಬರುವ ಎರಡು ಗುಂಪುಗಳನ್ನು ಅಗಲವೊಂದೇ ಬಿಡಿಸದು. ಕೈ ತೊಳೆಯುವ ನಲ್ಲಿಗಳ ಆಚೆ, ಅಂಗಳಕ್ಕೆ ಇಳಿಯುವ ಇನ್ನೊಂದು ಬಾಗಿಲಿಟ್ಟರೆ ಉಂಡವರು ಹಾಗೇ ಹೊರಗೆ ಹೋಗುತ್ತಾರೆ. ನಕ್ಷೆ ಬರೆಯುವಾಗಲೇ ಕೇಳಿದರೆ ಅದರ ಖರ್ಚು ಒಂದು ಚೌಕಟ್ಟು, ಒಂದು ಜೊತೆ ಕದ, ನಾಲ್ಕು ಮೆಟ್ಟಿಲು.