ಎರಡು ಕೋಲಿನಿಂದ ಒಂದು ಕೋಲಿಗೆ ಬಂದ ರಾಕ್ ಡ್ರಮ್ಮರ್!

ಗಣಪತಿ ಬಿಡುವ ದಿನ ತಿಲಕ್ ನಗರದಲ್ಲಿ ಬಸ್ಸು ನಿಂತರೆ ಡ್ರೈವರನ್ನು ಬೈದು ಪ್ರಯೋಜನವಿಲ್ಲ. ಮುಂದೆ ತಮಟೆ ಇರುತ್ತದೆ. ಬಗ್ಗಿ, ಎದ್ದು, ಗಿರ್ರನೆ ತಿರುಗಿ ಬಾರಿಸುವ ಹುಡುಗನನ್ನು ಅಂಗಡಿಯವರು ತಕ್ಕಡಿ ಕೆಳಗಿಟ್ಟು ನೋಡುತ್ತಾರೆ. ವರಸೆಗೆ ಸೋಲದವರು ಯಾರಿದ್ದಾರೆ ಸ್ವಾಮಿ?

ರಾಕ್ ಬ್ಯಾಂಡಿನ ಡ್ರಮ್ಮರನ ಬಂಡವಾಳವೂ ಅರ್ಧ ಇದೇ. ಕೋಲನ್ನು ಬೆರಳಲ್ಲಿ ತಿರುಗಿಸೋದು, ಗಾಳಿಗೆ ಎಸೆದು ಹಿಡಿಯೋದು, ತಲೆಗೂದಲು ಕೊಡವೋದು. ಇನ್ನರ್ಧ ಮಾತ್ರ ಕಣ್ಣಿಗೆ ಬೀಳೋದಿಲ್ಲ. ಬಲಗಾಲಿಗೆ ದೊಡ್ಡ ಡ್ರಮ್ಮಿನ ಪೆಡಲ್, ಎಡಗಾಲಿಗೆ ಜೋಡಿ ತಾಳದ ಪೆಡಲ್, ಎರಡು ಕೈಗೆ ಎರಡು ಬೇರೆ ಕೆಲಸ. ನಾಲ್ಕೂ ಸೇರಿ ಒಂದೇ ಲೆಕ್ಕ ಒಪ್ಪಿಸಬೇಕು. ಲೆಕ್ಕ ತಪ್ಪಿದರೆ ಕೋಲು ಎಷ್ಟು ಎತ್ತರ ಹಾರಿದರೂ ದಂಡ.

ಈ ಲೆಕ್ಕ ಹುಡುಕಿಕೊಂಡು ಬೆಂಗಳೂರಿನಲ್ಲಿ ಶಿಷ್ಯನಾಗಿ ಕೂತ ರಾಕ್ ಡ್ರಮ್ಮರ್ ಒಬ್ಬರಿದ್ದಾರೆ. ಹೆಸರು ರಮೇಶ್ ಶೋತಮ್. 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. 1970ರ ದಶಕದಲ್ಲಿ ಅಣ್ಣತಮ್ಮಂದಿರು ಸೇರಿ ಕಟ್ಟಿದ 'ಹ್ಯೂಮನ್ ಬಾಂಡೇಜ್' ದೇಶದ ಹೆಸರಾಂತ ರಾಕ್ ತಂಡಗಳಲ್ಲಿ ಒಂದು. ಸುರೇಶ್ ಕೈಯಲ್ಲಿ ಗಿಟಾರ್, ರಮೇಶ್ ಮುಂದೆ ಡ್ರಮ್ಸ್.

ಹೆಸರು ಬಂದಮೇಲೆ ಸುಮ್ಮನಿರಬಹುದಿತ್ತು. ಇರಲಿಲ್ಲ! ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ಗೆ ಬಂದು ತವಿಲ್ ಕಲಿತರು. ತವಿಲ್ ಅಂದರೆ ಬೇರೇನಲ್ಲ, ಮದುವೆಮನೆ ಓಲಗದವರ ಡೋಲು. ಬಲಗೈ ಬೆರಳುಗಳಿಗೆ ಗಟ್ಟಿ ಕವಚ, ಎಡಗೈಗೆ ಒಂದೇ ಒಂದು ಮೋಟು ಕೋಲು. ಎಸೆದು ಹಿಡಿಯುವ ಆಟ ಇಲ್ಲಿಲ್ಲ.

ಹಾಗಾದರೆ ವರಸೆ ಹೋಯಿತೇ? ಇಲ್ಲ, ಜಾಗ ಬದಲಾಯಿಸಿತು. ನಮ್ಮ ತಾಳವಾದ್ಯದವರು ಒಂದು ಮುಕ್ತಾಯವನ್ನು ಮೂರು ಸಲ ಹೇಳುತ್ತಾರೆ. ಎಲ್ಲಿಗೋ ಹೋಯಿತು, ತಪ್ಪೇ ತಪ್ಪಿತು ಅಂತ ಕೇಳುವವನು ಉಸಿರು ಬಿಗಿ ಹಿಡಿದಾಗ, ಮೂರನೆಯದು ಕರೆಕ್ಟಾಗಿ ತಾಳದ ಮೇಲೆ ಬಂದು ಬೀಳುತ್ತದೆ. ಸಭೆ ತಾನಾಗಿಯೇ 'ಭಲೇ' ಅನ್ನುತ್ತದೆ. ಕೋಲು ಎಸೆಯದೆ ಜನರನ್ನು ಹಿಡಿಯುವ ವಿದ್ಯೆ ಇದು.

ಅದೇ ಅವರನ್ನು ದೂರ ಕರೆದೊಯ್ಯಿತು. ಜರ್ಮನಿಯ ಕಲೋನ್‌ನಲ್ಲಿ ನೆಲೆಸಿ, ಯುರೋಪಿನ ಜಾಜ್ ಕಲಾವಿದರ ಜೊತೆ ತವಿಲ್, ಘಟ, ಖಂಜಿರ, ಮೋರ್ಸಿಂಗ್ ನುಡಿಸಿದರು. ಕಲಿಸಿದ ಕಾಲೇಜೂ ಹಿಂದೆ ಬೀಳಲಿಲ್ಲ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಜೊತೆ ಅದು ನುಡಿಸಿದ 'ಜ್ಯೋತಿ' ಧ್ವನಿಮುದ್ರಿಕೆಯನ್ನು 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ಹೊರತಂದಿತು.

ಇದರಿಂದ ತಿಲಕ್ ನಗರಕ್ಕೇನು ಅಂತೀರಾ? ಇದೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಡ್ರಮ್ ಸೆಟ್ ಇಡೋದೆಲ್ಲಿ? ದುಡ್ಡು ಹೊಂದಿಸಿ ತಂದರೂ ಬಾರಿಸೋದು ಯಾವಾಗ? 2000ದ ಶಬ್ದ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರ ಮೇಲೆ 45. ಡ್ರಮ್ಮಿನ ಒಂದೇ ಏಟು ಅದನ್ನು ದಾಟುತ್ತದೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು, ನೈಟ್ ಡ್ಯೂಟಿ ಮುಗಿಸಿ ಮಲಗಿದವರು... ಅವರ ಜಗಳವೂ ನ್ಯಾಯವೇ.

ಆದರೆ ಲೆಕ್ಕ ಕಲಿಯಲು ಡ್ರಮ್ಮೇ ಬೇಕಾಗಿಲ್ಲ. ಬಾಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕೋಲ್ ಇದೆ. ಮೂರಕ್ಕೆ 'ತಕಿಟ', ನಾಲ್ಕಕ್ಕೆ 'ತಕಧಿಮಿ', ಎರಡೂ ಸೇರಿದರೆ ಏಳು. ಬಂಡವಾಳ ಒಂದು ನಾಲಿಗೆ, ಒಂದು ತೊಡೆ. ಬಾಡಿಗೆಯಿಲ್ಲ, ಕರೆಂಟಿಲ್ಲ, ಪಕ್ಕದ ಮನೆಯವರ ತಕರಾರಿಲ್ಲ. ತಮಟೆ ಹುಡುಗನ ಕೈಯಲ್ಲಿ ವರಸೆ ಆಗಲೇ ಇದೆ. ಲೆಕ್ಕ ಹೇಳಿಕೊಡುವ ಗುರು ಒಬ್ಬರು ಸಿಗಬೇಕು, ಅಷ್ಟೇ.

ನಾಳೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗ ತೊಡೆ ತಟ್ಟುತ್ತಾ ಏನೋ ಗೊಣಗುತ್ತಿದ್ದರೆ ಗದರಬೇಡಿ. ಏಳು ಎಣಿಸುತ್ತಿರಬಹುದು!