ತಂಬಾಕಿನ ಎಲೆ ಮತ್ತು ಜೀವಕೋಶದ ಬಾಗಿಲು

ಮಾನವ ಶರೀರವು ಸುಮಾರು 30 ಲಕ್ಷ ಕೋಟಿ ಜೀವಕೋಶಗಳ ಒಂದು ಸುವ್ಯವಸ್ಥಿತ ಸಮಾಜವಾಗಿದೆ. ತಾಯಿಯ ಗರ್ಭದಲ್ಲಿ ಒಂದೇ ಒಂದು ಕೋಶವಾಗಿ ಆರಂಭಗೊಂಡ ಜೀವವು ಕೈಕಾಲು, ಕಣ್ಣು, ಹೃದಯ, ಮೆದುಳುಗಳುಳ್ಳ ಶಿಶುವಾಗಿ ಬೆಳೆಯಬೇಕಾದರೆ, ಯಾವ ಕೋಶ ಯಾವಾಗ ವಿಭಜನೆಗೊಳ್ಳಬೇಕು, ಎಲ್ಲಿಗೆ ಸಾಗಬೇಕು, ಏನಾಗಿ ಮಾರ್ಪಡಬೇಕು ಎಂಬ ಸಂದೇಶಗಳು ಅವುಗಳಿಗೆ ಸಕಾಲದಲ್ಲಿ ತಲುಪಬೇಕು. ಕೋಶವನ್ನು ಆವರಿಸಿದ ತೆಳುವಾದ ಪೊರೆಯ ಮೇಲೆ ಈ ಸಂದೇಶಗಳನ್ನು ಬರಮಾಡಿಕೊಳ್ಳುವ ಪ್ರೋಟೀನುಗಳಿವೆ. ಇವುಗಳಿಗೆ ಗ್ರಾಹಿಗಳು ಅಥವಾ ರಿಸೆಪ್ಟರುಗಳು ಎಂದು ಹೆಸರು. ಗ್ರಾಹಿಯು ಬೀಗವಾದರೆ, ಸಂದೇಶವನ್ನು ತರುವ ರಾಸಾಯನಿಕ ವಸ್ತುವು ಅದರ ಕೀಲಿಕೈ.

ಈ ಗ್ರಾಹಿಗಳ ಕಲ್ಪನೆ ವಿಜ್ಞಾನಕ್ಕೆ ದೊರೆತುದರಲ್ಲಿ ನಿಪ್ಪಾಣಿಯ ಜನರಿಗೆ ಚಿರಪರಿಚಿತವಾದ ತಂಬಾಕಿನ ಪಾತ್ರವೂ ಇದೆ. 1905ರಲ್ಲಿ ಕೇಂಬ್ರಿಜ್‌ನ ಶರೀರಶಾಸ್ತ್ರಜ್ಞ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿಯವರು ಕೋಳಿಯ ಸ್ನಾಯುವಿನ ಮೇಲೆ ನಿಕೋಟಿನ್ ಪ್ರಯೋಗಿಸಿದರು. ಸ್ನಾಯು ಸಂಕುಚಿತವಾಯಿತು. ನರವನ್ನು ಕತ್ತರಿಸಿ ಅದು ನಶಿಸಿದ ನಂತರವೂ ಹಾಗೆಯೇ ಆಯಿತು. ಕ್ಯುರಾರೆ ಎಂಬ ಸಸ್ಯವಿಷವನ್ನು ಕೊಟ್ಟಾಗ ಮಾತ್ರ ನಿಕೋಟಿನ್ನಿನ ಪ್ರಭಾವ ಅಡಗಿತು. ಆದುದರಿಂದ ಸ್ನಾಯುಕೋಶದಲ್ಲಿಯೇ ಈ ಎರಡು ವಸ್ತುಗಳನ್ನೂ ಹಿಡಿದುಕೊಳ್ಳುವ ಒಂದು ವಿಶಿಷ್ಟ ಪದಾರ್ಥವಿರಬೇಕೆಂದು ಅವರು ನಿರ್ಣಯಿಸಿದರು. 1970ರಲ್ಲಿ ಫ್ರಾನ್ಸಿನ ಜಾನ್ ಪಿಯೆರ್ ಶಾಂಜೋ ಮತ್ತು ಅವರ ಸಂಗಡಿಗರು ವಿದ್ಯುತ್ ಮೀನಿನ ಅಂಗದಿಂದ, ಹಾವಿನ ವಿಷದ ನೆರವು ಪಡೆದು, ಆ ಗ್ರಾಹಿಯನ್ನು ಬೇರ್ಪಡಿಸಿದರು.

ಈ ಗ್ರಾಹಿಯ ನಿಜವಾದ ಕೀಲಿಕೈ ನಿಕೋಟಿನ್ ಅಲ್ಲ; ಶರೀರವೇ ತಯಾರಿಸುವ ಅಸಿಟೈಲ್‌ಕೋಲಿನ್. ಐದು ಪ್ರೋಟೀನು ಘಟಕಗಳು ವರ್ತುಲಾಕಾರವಾಗಿ ನಿಂತು ನಡುವೆ ಒಂದು ಕಿರುದ್ವಾರವನ್ನು ರಚಿಸುತ್ತವೆ. ಅಸಿಟೈಲ್‌ಕೋಲಿನ್ ಬಂದು ಕೂಡಿದೊಡನೆ ದ್ವಾರ ತೆರೆದು ಸೋಡಿಯಂ ಕಣಗಳು ಒಳನುಗ್ಗುತ್ತವೆ, ಸಂದೇಶ ಮುಟ್ಟುತ್ತದೆ. ಮರುಕ್ಷಣವೇ ಒಂದು ಕಿಣ್ವವು ಅಸಿಟೈಲ್‌ಕೋಲಿನ್ನನ್ನು ಒಡೆದುಹಾಕುತ್ತದೆ. ನಿಕೋಟಿನ್ ಇದೇ ಬೀಗಕ್ಕೆ ಹೊಂದುವ ಕಳ್ಳಕೀಲಿ. ಅದನ್ನು ಆ ಕಿಣ್ವವು ಒಡೆಯಲಾರದು. ಬಹುಕಾಲ ಕಾಡಿದ ನಿಕೋಟಿನ್ನಿಗೆ ಗ್ರಾಹಿಗಳು ಮೊದಲು ಜಡವಾಗುತ್ತವೆ. ಬಳಿಕ ಮೆದುಳಿನಲ್ಲಿ ಅವುಗಳ ಸಂಖ್ಯೆಯೇ ಹೆಚ್ಚುತ್ತದೆ. ತಂಬಾಕಿನ ಚಟ ಬಿಡುವುದು ಕಠಿಣವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಇದು ಕೇವಲ ಮನೋದೌರ್ಬಲ್ಯವಲ್ಲ.

ಗ್ರಾಹಿ ಕೆಟ್ಟರೆ ರೋಗ ಹುಟ್ಟುವುದಕ್ಕೆ ಮಯಸ್ತೀನಿಯಾ ಗ್ರಾವಿಸ್ ಎಂಬ ವ್ಯಾಧಿಯು ಸ್ಪಷ್ಟ ನಿದರ್ಶನ. ಇದರಲ್ಲಿ ಶರೀರದ ರಕ್ಷಣಾವ್ಯವಸ್ಥೆಯೇ ಸ್ನಾಯುಗಳ ಮೇಲಿರುವ ಈ ಗ್ರಾಹಿಗಳನ್ನು ಶತ್ರುಗಳೆಂದು ಬಗೆದು ನಾಶಪಡಿಸುತ್ತದೆ. ಕಣ್ಣುರೆಪ್ಪೆ ಜೋತುಬೀಳುತ್ತದೆ, ನುಂಗುವುದು, ಉಸಿರಾಡುವುದು ಸಹ ಕಷ್ಟವಾಗಬಹುದು. 1973ರಲ್ಲಿ ಮೊಲಗಳ ಮೇಲೆ ನಡೆದ ಪ್ರಯೋಗಗಳಿಂದ ಇದರ ಮೂಲ ಬೆಳಕಿಗೆ ಬಂದಿತು.

ಗರ್ಭಸ್ಥ ಶಿಶುವಿನ ವಿಷಯ ಇನ್ನೂ ಸೂಕ್ಷ್ಮವಾದುದು. ಭ್ರೂಣದ ಸ್ನಾಯುಗಳಲ್ಲಿರುವ ಗ್ರಾಹಿಯ ಐದು ಘಟಕಗಳಲ್ಲಿ ಒಂದು, ಬೆಳವಣಿಗೆ ಮುಂದುವರಿದಂತೆ ಬದಲಾಗಿ ಅದರ ಸ್ಥಾನಕ್ಕೆ ಬೇರೊಂದು ಬರುತ್ತದೆ. ಮೆದುಳಿನಲ್ಲಿಯಂತೂ ಗರ್ಭದ ಮೊದಲ ತಿಂಗಳುಗಳಲ್ಲಿಯೇ ಈ ಗ್ರಾಹಿಗಳು ಕಾಣಿಸಿಕೊಂಡು, ನರಕೋಶಗಳ ಬೆಳವಣಿಗೆಗೂ ಪರಸ್ಪರ ಜೋಡಣೆಗೂ ದಾರಿ ತೋರುತ್ತವೆ. ತಾಯಿಯ ರಕ್ತದಲ್ಲಿಯ ನಿಕೋಟಿನ್ ಮಾಸನ್ನು ದಾಟಿ ಶಿಶುವನ್ನು ಸೇರಬಲ್ಲದು. ಆಗ ಕಟ್ಟಡ ಏಳುತ್ತಿರುವ ವೇಳೆಯಲ್ಲಿಯೇ ತಪ್ಪು ಆಜ್ಞೆಗಳು ಹೋಗುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದರಿಂದ ಮೆದುಳಿನ ರಚನೆ ವ್ಯತ್ಯಾಸಗೊಂಡುದು ಕಂಡುಬಂದಿದೆ. ಸೇದದಿದ್ದರೆ ಅಪಾಯವಿಲ್ಲವೆಂಬ ಭಾವನೆ ಸರಿಯಲ್ಲ. 2004ರಲ್ಲಿ ಪ್ರಕಟವಾದ ಮುಂಬಯಿಯ ಅಧ್ಯಯನವೊಂದರಲ್ಲಿ, ಮಶೇರಿ ಮೊದಲಾದ ಹೊಗೆಯಿಲ್ಲದ ತಂಬಾಕನ್ನು ಬಳಸಿದ ತಾಯಂದಿರ ಶಿಶುಗಳ ಜನನತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಅವಧಿಗೆ ಮುನ್ನವೇ ಹುಟ್ಟಿದ ಮಕ್ಕಳೂ ಅವರಲ್ಲಿ ಹೆಚ್ಚಾಗಿದ್ದರು.

ಈ ವಿಷಯ ಗಡಿಭಾಗದ ನಮ್ಮ ತಾಲೂಕುಗಳಿಗೆ ದೂರದ್ದಲ್ಲ. ಅಥಣಿ, ರಾಯಬಾಗ, ಕಾಗವಾಡಗಳ ಕೃಷ್ಣಾತೀರವು ಕಬ್ಬಿಗೆ ಹೆಸರಾದರೆ, ನಿಪ್ಪಾಣಿ ಮತ್ತು ಚಿಕ್ಕೋಡಿಯ ಕಪ್ಪು ಭೂಮಿ ಬೀಡಿ ತಂಬಾಕಿಗೆ ಹೆಸರಾಯಿತು. ನಿಪ್ಪಾಣಿಯ ವಖಾರಿಗಳೂ ಬೀಡಿಯ ಉದ್ಯಮವೂ ಅನೇಕ ಮನೆಗಳ ಒಲೆ ಉರಿಸಿವೆ. ಯೋಗ್ಯ ಬೆಲೆಗಾಗಿ 1981ರಲ್ಲಿ ಇಲ್ಲಿಯ ಬೆಳೆಗಾರರು ಹೂಡಿದ ಚಳವಳಿ ದೇಶದ ಗಮನ ಸೆಳೆದಿತ್ತು. ಇಂಥ ದುಡಿಮೆಯನ್ನು ಹೀಗಳೆಯುವುದು ಉಚಿತವಲ್ಲ. ಆದರೆ ದುಡಿಯುವವರ ಶರೀರದಲ್ಲಿ ಏನು ನಡೆಯುತ್ತದೆಂಬುದನ್ನು ಅವರು ತಿಳಿಯಲೇಬೇಕು. ಇಬ್ಬನಿಯಿಂದ ತೊಯ್ದ ಹಸಿ ಎಲೆಯನ್ನು ಬರಿಗೈಯಿಂದ ಮುಟ್ಟಿದಾಗ ನಿಕೋಟಿನ್ ಚರ್ಮದ ಮೂಲಕವೇ ಒಳಸೇರಿ ತಲೆಸುತ್ತು, ವಾಂತಿ, ನಿಶ್ಶಕ್ತಿಗಳನ್ನು ಉಂಟುಮಾಡುತ್ತದೆ. ಬೀಡಿ ಕಟ್ಟುವವರಿಗೆ ಪುಡಿ ಬೆರಳುಗಳಿಗೂ ಉಸಿರಿಗೂ ತಗಲುತ್ತದೆ. ಬೀಡಿ ಕಾರ್ಮಿಕರ ಮೂತ್ರದಲ್ಲಿ ನಿಕೋಟಿನ್ನಿನಿಂದಾಗುವ ಕೋಟಿನಿನ್ ಎಂಬ ವಸ್ತುವನ್ನು ಸಂಶೋಧಕರು ಪತ್ತೆಹಚ್ಚಿದ್ದಾರೆ.

ಆದುದರಿಂದ ಕೆಲವು ಎಚ್ಚರಿಕೆಗಳು ಅವಶ್ಯ. ಎಲೆಯ ತೇವ ಆರಿದ ಮೇಲೆ ಕೊಯ್ಯಬೇಕು. ಕೈಗವಸು, ಮೈತುಂಬ ಬಟ್ಟೆ ಧರಿಸಬೇಕು. ತೊಯ್ದ ಬಟ್ಟೆಯನ್ನು ಒಡನೆ ಬದಲಿಸಬೇಕು. ಬೀಡಿ ಕಟ್ಟುವ ಸ್ಥಳದಲ್ಲಿ ಗಾಳಿ ಆಡಬೇಕು. ಊಟಕ್ಕೂ ಮಗುವನ್ನು ಎತ್ತಿಕೊಳ್ಳುವುದಕ್ಕೂ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ತೊಟ್ಟಿಲನ್ನು ಪುಡಿಯಿಂದ ದೂರವಿಡಬೇಕು. ಗರ್ಭಿಣಿಯರಿಗೆ ಈ ಕೆಲಸದಿಂದ ಬಿಡುವು ಕೊಡುವುದು ಕುಟುಂಬದ ಹಾಗೂ ಮಾಲೀಕರ ಹೊಣೆ. ಅಕ್ಕ, ಅವ್ವ, ಅತ್ತಿಗೆಯರು ಮಶೇರಿಯಿಂದ ಹಲ್ಲುಜ್ಜುವ ರೂಢಿಯನ್ನು ಕೈಬಿಡುವಂತೆ ಮನೆಯ ಓದಿದ ಮಕ್ಕಳು ಒಲಿಸಬೇಕು.

ವಿದ್ಯಾರ್ಥಿಗಳೂ ನೆನಪಿಡಬೇಕಾದ ಮಾತೊಂದಿದೆ. ಮೆದುಳಿನ ಬೆಳವಣಿಗೆ ಹುಟ್ಟಿನೊಂದಿಗೆ ಮುಗಿಯುವುದಿಲ್ಲ. ಇಪ್ಪತ್ತು ದಾಟಿದ ಮೇಲೂ ನಡೆಯುತ್ತದೆ. ಅಷ್ಟು ಕಾಲವೂ ಈ ಗ್ರಾಹಿಗಳು ಗಮನ ಮತ್ತು ಸ್ಮರಣೆಯ ಕಾರ್ಯದಲ್ಲಿ ತೊಡಗಿರುತ್ತವೆ. ಬೀಡಿ ತಯಾರಿಕೆಯಲ್ಲಿ ಮಕ್ಕಳನ್ನು ದುಡಿಸುವುದನ್ನು 1986ರ ಕಾಯ್ದೆಯು ನಿಷೇಧಿಸಿತು. 2003ರ ಕಾಯ್ದೆಯು ವಿದ್ಯಾಸಂಸ್ಥೆಗಳಿಂದ 100 ಗಜದೊಳಗೆ ತಂಬಾಕಿನ ಮಾರಾಟವನ್ನು ನಿರ್ಬಂಧಿಸಿತು. ಈ ಕಾಯ್ದೆಗಳ ಹಿಂದಿರುವ ಕಾರಣವನ್ನು ಅರಿತ ಬಾಲಕನು ಯಾರ ಭಯವೂ ಇಲ್ಲದೆ ತಾನಾಗಿಯೇ ಆ ಎಲೆಯಿಂದ ದೂರ ನಿಲ್ಲುವನು. ತನ್ನ ಮನೆಯವರನ್ನೂ ಕಾಪಾಡುವನು. ವಿಜ್ಞಾನಶಿಕ್ಷಣದ ಸಾರ್ಥಕತೆ ಇದರಲ್ಲಿಯೇ ಇದೆ.