ಉಪ್ಪು ನೀರಿನಲ್ಲಿ ಬೆಳೆಯುವ ಗಿಡಗಳು

ಹಾರ್ಬರ್ ಲೈನಿನ ಗಾಡಿಯಲ್ಲಿ ಮಾನಖುರ್ದ ಬಿಟ್ಟು ವಾಶಿಯ ಸೇತುವೆ ದಾಟುವಾಗ, ಖಾಡಿಯ ಕೆಸರಿನಲ್ಲಿ ದಟ್ಟವಾಗಿ ಬೆಳೆದ ಹಸಿರು ಪೊದೆಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅವುಗಳಲ್ಲಿ ಮುಖ್ಯವಾದುದನ್ನು ಇಲ್ಲಿಯವರು ‘ತಿವರ’ ಎನ್ನುತ್ತಾರೆ. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಇಂಥ ಗಿಡಗಳಿಗೆ ಕಾಂಡ್ಲಾ ಎಂದು ಹೆಸರು. ದಿನಕ್ಕೆ ಎರಡು ಸಲ ಭರತದ ನೀರು ಬಂದು ಇವುಗಳ ಬುಡವನ್ನು ಮುಳುಗಿಸುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಚಾಳಿನ ಗ್ಯಾಲರಿಯಲ್ಲಿ ಡಬ್ಬಿಯಲ್ಲಿಟ್ಟ ತುಳಸಿಗೆ ಆ ನೀರನ್ನು ಹೊಯ್ದರೆ ಅದು ಕೆಲವೇ ದಿನಗಳಲ್ಲಿ ಬಾಡಿಹೋದೀತು. ತಿವರ ಮಾತ್ರ ಹೇಗೆ ಬದುಕುತ್ತದೆ?

ಉತ್ತರಕ್ಕೆ ಉಪ್ಪಿನಕಾಯಿಯ ಭರಣಿಯನ್ನು ನೆನೆಯಬೇಕು. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಹೋಳು ಮುದುಡಿ ನೀರು ಬಿಟ್ಟಿರುತ್ತದೆ. ನೀರು ಉಪ್ಪು ಹೆಚ್ಚಿರುವ ಕಡೆಗೆ ಹರಿಯುತ್ತದೆ. ಉಪ್ಪು ನೆಲದಲ್ಲಿ ನಿಂತ ಸಾಮಾನ್ಯ ಗಿಡಕ್ಕೂ ಇದೇ ಗತಿ: ಸುತ್ತ ನೀರಿದ್ದೂ ಬಾಯಾರಿ ಸಾಯುತ್ತದೆ. ಒಳಹೊಕ್ಕ ಉಪ್ಪು ಜೀವಕೋಶಗಳ ಕೆಲಸವನ್ನು ಕೆಡಿಸುವುದು ಎರಡನೆಯ ಪೆಟ್ಟು.

ತಿವರದ ಬೇರು ಜರಡಿಯಂತೆ ಕೆಲಸಮಾಡಿ ಉಪ್ಪಿನ ಬಹುಪಾಲನ್ನು ಹೊರಗೇ ತಡೆಯುತ್ತದೆ. ನುಸುಳಿ ಬಂದ ಉಪ್ಪನ್ನು ಎಲೆಯಲ್ಲಿರುವ ಸಣ್ಣ ಗ್ರಂಥಿಗಳು ಹೊರಹಾಕುತ್ತವೆ. ಬಿಸಿಲಿನ ಹೊತ್ತು ಎಲೆಯ ಮೇಲೆ ಬೆರಳಾಡಿಸಿ ನಾಲಗೆಗೆ ಹಚ್ಚಿಕೊಂಡರೆ ರುಚಿಯೇ ಸಾಕ್ಷಿ. ಖಾಡಿಯ ದಂಡೆಯಲ್ಲಿ ಬೆಳೆಯುವ ಮೋರಸ್ ಸೊಪ್ಪಿನ ದಾರಿ ಬೇರೆ. ಅದು ಉಪ್ಪನ್ನು ದಪ್ಪ ಎಲೆಗಳಲ್ಲಿ, ಜೀವಕೋಶದೊಳಗಿನ ನೀರಿನ ಚೀಲದಲ್ಲಿ, ಕೂಡಿಟ್ಟುಕೊಳ್ಳುತ್ತದೆ. ಆ ಭಾಜಿಗೆ ಉಪ್ಪು ಹಾಕುವಾಗ ಕೈ ಹಿಡಿಯಬೇಕು! ಚೀಲದ ಹೊರಗಿನ ಭಾಗ ಒಣಗದಂತೆ ಗಿಡವು ಸಕ್ಕರೆಯಂಥ ನಿರುಪದ್ರವಿ ಪದಾರ್ಥಗಳನ್ನು ತಯಾರಿಸಿ ತುಂಬುತ್ತದೆ. ಇದೆಲ್ಲ ಪುಕ್ಕಟೆಯಲ್ಲ. ಬೆಳವಣಿಗೆಗೆ ಹೋಗಬೇಕಾದ ಆಹಾರದ ಒಂದು ಪಾಲು ಇದಕ್ಕೇ ಖರ್ಚಾಗುತ್ತದೆ.

ಕಾಡುಗಿಡಗಳ ಮಾತು ಹಾಗಿರಲಿ. ಉಪ್ಪನ್ನು ತಾಳುವ ಭತ್ತವೂ ನಮ್ಮಲ್ಲುಂಟು. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ, ಉಪ್ಪು ನೀರು ಏರುವ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಅಲ್ಲಿಯ ರೈತರು ಬೆಳೆಯುತ್ತ ಬಂದ ತಳಿ ಕಗ್ಗ. ಕಗ್ಗ ತಿವರದಷ್ಟು ಗಟ್ಟಿಯಲ್ಲ, ಆದುದರಿಂದ ರೈತನ ಜಾಣತನವೂ ಜೊತೆಗೆ ಬೇಕು. ಮುಂಗಾರು ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆಯೇ ಬಿತ್ತನೆ. ಎಳೆಯ ಸಸಿಗೆ ಉಪ್ಪಿನ ಭಯ ಹೆಚ್ಚು. ಪೈರು ಎತ್ತರವಾಗಿ ಬೆಳೆಯುವುದರಿಂದ ನೆರೆ ನೀರನ್ನೂ ತಾಳುತ್ತದೆ. ಗೊಬ್ಬರ ಬೇಡ. ಕೊಯ್ಲಾದ ಮೇಲೆ ಉಪ್ಪು ನೀರನ್ನು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ.

ಇಳುವರಿ ಕಡಮೆ ನಿಜ. ಸಿಗಡಿಯ ಲಾಭಕ್ಕಾಗಿ ಎಷ್ಟೋ ಗಜನಿಗಳಲ್ಲಿ ಭತ್ತದ ಬೇಸಾಯ ನಿಂತುಹೋಗಿದೆ. ಸಮುದ್ರ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಇಂಥ ಬೀಜವನ್ನು ಕಳೆದುಕೊಳ್ಳುವುದು ನನ್ನ ಮಟ್ಟಿಗೆ ದೊಡ್ಡ ನಷ್ಟವೇ. ಭತ್ತದ ಬೀಜ ಕಣಜದಲ್ಲಿ ಬಹುಕಾಲ ಮೊಳೆಯುವ ಶಕ್ತಿ ಉಳಿಸಿಕೊಳ್ಳುವುದಿಲ್ಲ, ವರ್ಷ ವರ್ಷ ಬಿತ್ತುತ್ತಲೇ ಇರಬೇಕು. ಕುಮಟೆಯ ಕಡೆಯ ಬಂಧುಗಳು ರಜೆಯಲ್ಲಿ ಊರಿಗೆ ಹೋದಾಗ, ತಮ್ಮ ಮನೆಯ ಗಜನಿಯಲ್ಲಿ ಈಗಲೂ ಕಗ್ಗ ಬಿತ್ತುತ್ತಾರೆಯೇ ಎಂದು ಹಿರಿಯರನ್ನು ಕೇಳಿ ಬಂದು ವಾಚನಾಲಯದಲ್ಲಿ ತಿಳಿಸಿದರೆ ಉಪಕಾರವಾದೀತು.